ಬಣ್ಣಕ್ಕೂ ಒಂದು ತಾರೀಖಿದೆ

ಹಳೇ ಮೈಸೂರು ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಮನೆಗಳಲ್ಲಿ ಸಂಕ್ರಾಂತಿಯ ಬೆಳಿಗ್ಗೆ ಒಂದು ಸಣ್ಣ ಪೇಚಾಟ ಇದ್ದದ್ದೇ. ಊರಿನಿಂದ ಬಂದಿರುವ ಅತ್ತೆ, "ಹಬ್ಬದ ದಿನ ಯಾರಾದ್ರೂ ಕರಿ ಸೀರೆ ಉಡ್ತಾರೇನಮ್ಮಾ?" ಎನ್ನುತ್ತಾರೆ. ಅಷ್ಟರಲ್ಲಿ ಎದುರುಮನೆಯ ಮರಾಠಿ ಹೆಂಗಸು ಜರಿಯಂಚಿನ ಕರಿ ಸೀರೆಯುಟ್ಟು, ಎಳ್ಳುಂಡೆಯ ಡಬ್ಬಿ ಹಿಡಿದು, ಅರಿಶಿನ ಕುಂಕುಮಕ್ಕೆ ಕರೆಯಲು ಬಾಗಿಲಲ್ಲಿ ನಿಂತಿರುತ್ತಾರೆ. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪೇ ಶೋಭೆ. ಚಳಿಗಾಲದ ಹಬ್ಬ, ಕಪ್ಪು ಬಟ್ಟೆ ಬಿಸಿಲಿನ ಕಾವನ್ನು ಹಿಡಿದಿಡುತ್ತದೆ ಎಂದು ಕಾರಣವನ್ನೂ ಕೊಡುತ್ತಾರೆ. ನಡುವೆ ಸಿಕ್ಕಿಕೊಂಡ ಸೊಸೆ ಎರಡೂ ಕಡೆ ತೂಗಿಸಿ ಕಡುನೀಲಿ ಉಟ್ಟು ಹೊರಡುತ್ತಾಳೆ.

ಚೆನ್ನೈಯಲ್ಲಿರುವವರಿಗೆ ಇದೇ ಕಪ್ಪು ಇನ್ನೊಂದು ಪಾಠ ಕಲಿಸುತ್ತದೆ. ಪೆರಿಯಾರರ ದ್ರಾವಿಡ ಕಳಗಂನವರು ದೇವರಿಲ್ಲ ಎಂದು ಹೇಳಿ ತೊಡುವ ಅಂಗಿ ಕಪ್ಪು. ಕಾರ್ತಿಕ ಬಂತೆಂದರೆ ಅದೇ ಬೀದಿಯಲ್ಲಿ ಮಾಲೆ ಹಾಕಿದ ಅಯ್ಯಪ್ಪನ ಭಕ್ತರು ಉಡುವ ಪಂಚೆಯೂ ಕಪ್ಪು. ಒಬ್ಬನನ್ನು ಇನ್ನೊಬ್ಬನೆಂದು ಆ ಊರಿನವರು ಎಂದೂ ತಪ್ಪು ತಿಳಿಯುವುದಿಲ್ಲ. ಕೊರಳಿನ ಮಾಲೆ, ಬರಿಗಾಲು, ತಿಂಗಳು, ನಡಿಗೆ ಎಲ್ಲವನ್ನೂ ಒಟ್ಟಿಗೆ ಓದುತ್ತಾರೆ.

ಇನ್ನು ನವೆಂಬರ್ 1ರ ಬೆಳಗಾವಿ. ಹಳದಿ ಕೆಂಪು ಶಲ್ಯ ಹೊದ್ದ ರಾಜ್ಯೋತ್ಸವದ ಮೆರವಣಿಗೆ ಒಂದು ಕಡೆ. ಅದೇ ದಿನವನ್ನು ಕರಾಳ ದಿನವೆಂದು ಆಚರಿಸುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರ ಕಪ್ಪು ಅಂಗಿ, ಕಪ್ಪು ಪಟ್ಟಿ ಇನ್ನೊಂದು ಕಡೆ. ಅಕ್ಟೋಬರ್ 30ಕ್ಕೆ ಆ ಊರಿನಲ್ಲಿ ಕಪ್ಪು ಅಂಗಿ ಹಾಕಿದವನು ಬರೀ ಕಪ್ಪು ಅಂಗಿ ಹಾಕಿದವನು. ಎರಡು ದಿನ ಕಳೆದರೆ ಅವನು ಒಂದು ಪಕ್ಷದವನು, ಅವನಿಗೆ ಗೊತ್ತಿರಲಿ ಬಿಡಲಿ.

ಇಷ್ಟೆಲ್ಲ ಬಲ್ಲ ನಾವು ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಕ್ಷಣ ಈ ವಿದ್ಯೆಯನ್ನು ಮರೆತುಬಿಡುತ್ತೇವೆ ಎನ್ನುವುದು ನನ್ನ ತಕರಾರು. ಸೂಟ್‌ಕೇಸು ತುಂಬುವಾಗ ನಾವು ಕೇಳುವುದು ಮಳೆ ಇದೆಯೇ, ಸೆಕೆ ಇದೆಯೇ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಯೇ ಎಂದು ಮಾತ್ರ. ಹೆಚ್ಚೆಂದರೆ "ಅಲ್ಲಿ ಈ ಬಣ್ಣ ಬೇಡ" ಎನ್ನುವ ಒಂದು ಪಟ್ಟಿಯನ್ನು ಯಾರೋ ಕಳಿಸಿರುತ್ತಾರೆ. ಆ ಪಟ್ಟಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ದೇಶಕ್ಕೊಂದು ಬಣ್ಣ, ಬಣ್ಣಕ್ಕೊಂದು ಅರ್ಥ ಎಂದು ಅವು ಹೇಳುತ್ತವೆ. ಆದರೆ ಬಣ್ಣದ ಅರ್ಥ ದೇಶಕ್ಕೆ ಅಂಟಿಕೊಂಡು ಕೂತಿರುವುದಿಲ್ಲ. ಅದಕ್ಕೊಂದು ತಾರೀಖು ಇರುತ್ತದೆ, ಒಂದು ಬೀದಿ ಇರುತ್ತದೆ, ಅದರ ಬೆಲೆ ತೆರುವವರೂ ಇರುತ್ತಾರೆ. ಈ ಮಾತಿಗೆ ಥಾಯ್ಲೆಂಡಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಭಾರತೀಯರು ಹೋಗಿಬಂದ ದೇಶ ಅದು. ನಿಮ್ಮಲ್ಲಿಯೂ ಹಲವರು ಹೋಗಿರುತ್ತೀರಿ.

ಥಾಯ್ ಜನರಿಗೆ ವಾರದ ಪ್ರತಿ ದಿನಕ್ಕೂ ಒಂದು ಬಣ್ಣವಿದೆ. ಭಾನುವಾರ ಕೆಂಪು, ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು, ಗುರುವಾರ ಕಿತ್ತಳೆ, ಶುಕ್ರವಾರ ತಿಳಿನೀಲಿ, ಶನಿವಾರ ನೇರಳೆ. ಇದರ ಬೇರು ನಮಗೆ ಗುರುತಿನದೇ. ಅವರ ವಾರದ ಹೆಸರುಗಳನ್ನು ಕೇಳಿ: ಆತಿತ್, ಚಾನ್, ಅಂಗ್‌ಖಾನ್, ಫುತ್, ಸುಕ್. ಆದಿತ್ಯ, ಚಂದ್ರ, ಅಂಗಾರಕ, ಬುಧ, ಶುಕ್ರ ಎಂದು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ದೇವಸ್ಥಾನಗಳಲ್ಲಿ ನವಗ್ರಹಗಳಿಗೆ ಒಂದೊಂದು ಬಣ್ಣದ ವಸ್ತ್ರ ಉಡಿಸುವ ಪದ್ಧತಿಯೂ ಇದೇ ಮೂಲದ್ದು. ಆದರೆ ನಾವು ಚಂದ್ರನಿಗೆ ಬಿಳಿ ಕೊಟ್ಟು, ಹಳದಿಯನ್ನು ಗುರುವಿಗೆ ಮೀಸಲಿಟ್ಟೆವು. ಅವರು ಚಂದ್ರನಿಗೇ ಹಳದಿ ಉಡಿಸಿದರು. ಬೀಜ ಒಂದೇ, ಮಣ್ಣು ಬೇರೆ. "ಅವರದೂ ನಮ್ಮ ಸಂಸ್ಕೃತಿಯೇ" ಎಂದು ಬೀಗಿ ಹೋಗುವವರು ಮೊದಲು ಎಡವುವುದು ಇಲ್ಲಿಯೇ.

ಮುಂಬೈಯವರಿಗೆ ದಿನಕ್ಕೊಂದು ಬಣ್ಣವೆಂದರೆ ಹೊಸದಲ್ಲ. ನವರಾತ್ರಿಯಲ್ಲಿ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿ ಒಂದು ದಿನ ಪೂರಾ ಹಸಿರು, ಮರುದಿನ ಪೂರಾ ಬೂದು. ಈ ಶತಮಾನದ ಆರಂಭದಲ್ಲಿ ಒಂದು ಮರಾಠಿ ದಿನಪತ್ರಿಕೆ ಜನಪ್ರಿಯಗೊಳಿಸಿದ ರೂಢಿ ಅದು. ಇವತ್ತಿನ ಹುಡುಗಿಯರಿಗೆ ಅದು ಅನಾದಿ ಕಾಲದ ಸಂಪ್ರದಾಯದಂತೆ ಕಾಣುತ್ತದೆ. ಬಣ್ಣದ ಅರ್ಥ ಎಷ್ಟು ಬೇಗ ಬೇರೂರುತ್ತದೆ, ಯಾರು ಬೇಕಾದರೂ ಅದನ್ನು ಹೇಗೆ ನೆಡಬಹುದು ಎನ್ನುವುದಕ್ಕೆ ಇದೂ ಸಾಕ್ಷಿ. ಅಲ್ಲಿ ಪತ್ರಿಕೆ ಮಾಡಿದ ಕೆಲಸವನ್ನು ಥಾಯ್ಲೆಂಡಿನಲ್ಲಿ ರಾಜಕೀಯ ಮಾಡಿತು.

ದೊರೆ ಭೂಮಿಬೋಲ್ ಅದುಲ್ಯದೇಜ್ ಹುಟ್ಟಿದ್ದು 1927ರ ಡಿಸೆಂಬರ್ 5, ಸೋಮವಾರ. ಹಾಗಾಗಿ ಹಳದಿ ಅವರ ಬಣ್ಣವಾಯಿತು. ರಾಣಿ ಸಿರಿಕಿತ್ ಹುಟ್ಟಿದ್ದು ಶುಕ್ರವಾರ, ಅವರದು ತಿಳಿನೀಲಿ. 2006ರ ಜೂನ್‌ನಲ್ಲಿ ಭೂಮಿಬೋಲ್ ಪಟ್ಟಕ್ಕೆ ಬಂದು 60 ವರ್ಷವಾದಾಗ ಬ್ಯಾಂಕಾಕಿನ ಬೀದಿಗಳು ಹಳದಿ ಅಂಗಿಗಳಿಂದ ತುಂಬಿಹೋದವು. ಅದು ಪ್ರೀತಿಯ ಹಳದಿ. ಬ್ಯಾಂಕಿನ ಗುಮಾಸ್ತನೂ ತೊಟ್ಟ, ರಸ್ತೆ ಬದಿಯ ನೂಡಲ್ಸ್ ಅಂಗಡಿಯವಳೂ ತೊಟ್ಟಳು. ಆದರೆ ಅದೇ ವರ್ಷದ ಆರಂಭದಲ್ಲಿ ಪ್ರಧಾನಿ ಥಾಕ್ಸಿನ್ ಶಿನವಾತ್ರ ವಿರುದ್ಧ ಎದ್ದ ಚಳವಳಿಯವರೂ ಹಳದಿಯನ್ನೇ ತಮ್ಮ ಬಣ್ಣ ಮಾಡಿಕೊಂಡಿದ್ದರು. ನಾವು ದೊರೆಯ ಪರ ಎನ್ನುವುದು ಅದರ ನೇರ ಅರ್ಥ. ಎದುರಿನವರು ಅಲ್ಲ ಎನ್ನುವುದು ಒಳ ಅರ್ಥ. ಸೆಪ್ಟೆಂಬರ್ 19ಕ್ಕೆ ಸೇನೆ ಥಾಕ್ಸಿನ್ ಸರ್ಕಾರವನ್ನು ಉರುಳಿಸಿತು. ಥಾಕ್ಸಿನ್ ಕಡೆಯವರು, ಸೇನಾಕ್ರಾಂತಿಯನ್ನು ವಿರೋಧಿಸುವವರು ಕೆಂಪು ಅಂಗಿ ತೊಟ್ಟು ಎದುರು ನಿಂತರು. ಅವರಲ್ಲಿ ಉತ್ತರದ ಮತ್ತು ಈಶಾನ್ಯದ ಹಳ್ಳಿಗರು, ಆ ಕಡೆಯಿಂದ ದುಡಿಯಲು ಬ್ಯಾಂಕಾಕಿಗೆ ಬಂದ ಟ್ಯಾಕ್ಸಿ ಚಾಲಕರು ದೊಡ್ಡ ಸಂಖ್ಯೆಯಲ್ಲಿದ್ದರು.

ಹೀಗೆ ಪ್ರೀತಿ ತೋರಿಸಲು ಕೊಂಡ ಹಳದಿ ಅಂಗಿ, ಎರಡೇ ವರ್ಷದಲ್ಲಿ ಒಂದು ಬಣದ ಸಮವಸ್ತ್ರವಾಯಿತು. 2008ರ ನವೆಂಬರ್ 25ರಂದು ಹಳದಿ ಅಂಗಿಯವರು ಸುವರ್ಣಭೂಮಿ ವಿಮಾನ ನಿಲ್ದಾಣವನ್ನು ವಶಪಡಿಸಿಕೊಂಡರು. ಒಂದು ವಾರ ವಿಮಾನಗಳಿಲ್ಲ. ಲಕ್ಷಾಂತರ ಪ್ರಯಾಣಿಕರು ಅಲ್ಲಲ್ಲೇ ಸಿಕ್ಕಿಕೊಂಡರು. ಬೀಚಿನಿಂದ ಬಂದ ಪ್ರವಾಸಿಯೊಬ್ಬ ಆ ದಿನ ಹಳದಿ ಟೀಶರ್ಟಿನಲ್ಲಿ ಟ್ಯಾಕ್ಸಿ ಹತ್ತಿದ್ದರೆ, ಮುಂದಿನ ಸೀಟಿನಲ್ಲಿದ್ದ ಚಾಲಕನ ಮನಸ್ಸಿನಲ್ಲಿ ಏನು ಹಾದುಹೋಗಿರಬಹುದು?

ಆ ನಡುವೆ ನಡೆದ ಒಂದು ಸಂಗತಿ ಇನ್ನೂ ಸ್ವಾರಸ್ಯದ್ದು. 2007ರ ನವೆಂಬರ್‌ನಲ್ಲಿ ದೊರೆ ಆಸ್ಪತ್ರೆಯಿಂದ ಹೊರಬಂದಾಗ ಗುಲಾಬಿ ಬಣ್ಣದ ಕೋಟು ತೊಟ್ಟಿದ್ದರು. ಮರುದಿನದಿಂದಲೇ ಜನ ಗುಲಾಬಿ ಅಂಗಿಗೆ ಮುಗಿಬಿದ್ದರು. ಕೆಂಪು ಹಳದಿಗಳ ಜಗಳ ಬೇಡವಾಗಿದ್ದವರಿಗೆ ದೊರೆಯ ಮೇಲಿನ ಪ್ರೀತಿ ತೋರಿಸಲು ಒಂದು ದಾರಿ ಸಿಕ್ಕಂತಾಯಿತು. ಮೊದಲೇ ಹೇಳಿದ ಪಟ್ಟಿಗಳನ್ನು ಬರೆಯುವವರು ಇದನ್ನೆಲ್ಲ ಎಲ್ಲಿ ಬರೆದುಕೊಳ್ಳಬೇಕು?

ಎರಡು ಭಾನುವಾರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾಗುತ್ತದೆ. 2010ರ ಫೆಬ್ರವರಿ 14 ಭಾನುವಾರ. ಆ ದಿನ ಚೀನೀ ಹೊಸ ವರ್ಷ. ಬ್ಯಾಂಕಾಕಿನ ಚೀನೀಪೇಟೆ ಯಾವರಾತ್‌ನಲ್ಲಿ ಆ ಹಬ್ಬಕ್ಕೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಕೆಂಪು ತೊಡುತ್ತಾರೆ. ಅದು ಅದೃಷ್ಟದ ಕೆಂಪು. ನಾಲ್ಕು ವಾರ ಕಳೆದು ಮಾರ್ಚ್ 14, ಮತ್ತೆ ಭಾನುವಾರ. ಅದೇ ನಗರದ ಹಳೆಯ ಭಾಗದಲ್ಲಿ ಕೆಂಪು ಅಂಗಿಯವರು ಭಾರಿ ಸಂಖ್ಯೆಯಲ್ಲಿ ಸೇರಿ, ಸಂಸತ್ತನ್ನು ವಿಸರ್ಜಿಸಿ ಚುನಾವಣೆ ನಡೆಸಿ ಎಂದರು. ಊರು ಅದೇ, ವಾರ ಅದೇ, ಬಣ್ಣ ಅದೇ. ಹಳೆಯ ಲೆಕ್ಕದ ಪ್ರಕಾರ ಭಾನುವಾರಕ್ಕೆ ಕೆಂಪೇ ಸರಿ ಕೂಡ. ಆದರೆ ಮಾರ್ಚ್ 14ರ ಕೆಂಪು ಬೇರೆ. ಏಪ್ರಿಲ್ 10ರಿಂದ ಮೇ 19ರವರೆಗಿನ ಘರ್ಷಣೆಗಳಲ್ಲಿ, ಸೇನೆಯ ಕಾರ್ಯಾಚರಣೆಯಲ್ಲಿ 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸಾಮಾನ್ಯ ನಾಗರಿಕರು. ಅಂಗಡಿ ಮಳಿಗೆಗಳಿಗಾಗಿ ನಮ್ಮವರು ಈಗ ಹೋಗುವ ರಾಚಪ್ರಸೋಂಗ್ ಚೌಕವೇ ಆ ಧರಣಿಯ ಜಾಗ.

ಬಿಳಿಯಾದರೂ ಯಾರದ್ದೂ ಅಲ್ಲದ ಬಣ್ಣವಾಗಿ ಉಳಿಯಿತೇ? ಅದೂ ಇಲ್ಲ. 2014ರ ಜನವರಿಯಲ್ಲಿ ಬ್ಯಾಂಕಾಕನ್ನೇ ಬಂದ್ ಮಾಡುತ್ತೇವೆ ಎಂದು ಒಂದು ಬಣ ರಸ್ತೆಗಿಳಿದಾಗ, ಜಗಳ ಸಾಕು, ಮತದಾನ ನಡೆಯಲಿ ಎಂದವರು ಬಿಳಿ ತೊಟ್ಟು ಮೇಣದ ಬತ್ತಿ ಹಚ್ಚಿದರು. ಅಲ್ಲಿಗೆ ಬಿಳಿಯೂ ಒಂದು ಪಕ್ಷವಾಯಿತು. ಆಮೇಲೆ ಕಿತ್ತಳೆಯ ಸರದಿ. ಗುರುವಾರದ ಬಣ್ಣವಾಗಿದ್ದ ಕಿತ್ತಳೆ, 2023ರ ಚುನಾವಣೆಯಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದೂ ಸರ್ಕಾರ ಮಾಡಲಾಗದ ಮೂವ್ ಫಾರ್ವರ್ಡ್ ಪಕ್ಷದ ಬಣ್ಣವಾಯಿತು. ಅದೇ ವರ್ಷ ಕೆಂಪು ಪಕ್ಷ ತನ್ನ ಹಳೆಯ ಎದುರಾಳಿಗಳ ಜೊತೆ ಸೇರಿ ಸರ್ಕಾರ ರಚಿಸಿತು. 2010ರ ಪ್ರವಾಸಿ ಕಲಿತ ಪಾಠ 2023ರ ಪ್ರವಾಸಿಗೆ ಹಳೇ ಪಂಚಾಂಗದಷ್ಟೇ ಉಪಯೋಗ.

ರಾಜಕೀಯದ ಮಾತು ಇಷ್ಟಾಯಿತು. ದುಃಖಕ್ಕೂ ಬಣ್ಣವಿದೆ. 2016ರ ಅಕ್ಟೋಬರ್ 13ರಂದು ಭೂಮಿಬೋಲ್ ತೀರಿಕೊಂಡರು. ಎಪ್ಪತ್ತು ವರ್ಷ ಆಳಿದ ದೊರೆ. ಬಹುಪಾಲು ಜನರಿಗೆ ಇನ್ನೊಬ್ಬ ದೊರೆಯನ್ನು ನೋಡಿದ ನೆನಪೇ ಇರಲಿಲ್ಲ. ಸರ್ಕಾರಿ ನೌಕರರು ಒಂದು ವರ್ಷ ಕಪ್ಪು ತೊಡಬೇಕೆಂದಾಯಿತು, ಉಳಿದವರು ತಾವಾಗಿಯೇ ತೊಟ್ಟರು. ಅಂಗಡಿಗಳಲ್ಲಿ ಕಪ್ಪು ಬಟ್ಟೆ ಮುಗಿದುಹೋಯಿತು, ಬೆಲೆ ಏರಿತು. ಬೀದಿಗಳಲ್ಲಿ ದೊಡ್ಡ ಹಂಡೆಗಳಲ್ಲಿ ಬಣ್ಣ ಕುದಿಸಿ, ಜನ ತಂದುಕೊಟ್ಟ ಹಳೆಯ ಅಂಗಿಗಳನ್ನು ಪುಕ್ಕಟೆಯಾಗಿ ಕಪ್ಪಗೆ ಅದ್ದಿಕೊಡುವವರು ಹುಟ್ಟಿಕೊಂಡರು. ಹಳದಿ ಅಂಗಿ, ಕೆಂಪು ಅಂಗಿ ಎರಡೂ ಆ ಹಂಡೆಗೆ ಬಿದ್ದಿರಬೇಕು. ಕಪ್ಪು ತೊಡದವರನ್ನು ಕೆಲವರು ಹೀಯಾಳಿಸಿದರು. ಕೊಳ್ಳಲಾಗದವರನ್ನು ದೂರಬೇಡಿ ಎಂದು ಸರ್ಕಾರವೇ ಹೇಳಬೇಕಾಯಿತು. 2017ರ ಅಕ್ಟೋಬರ್ 26ರಂದು ಅಂತ್ಯಕ್ರಿಯೆ ಮುಗಿಯುವವರೆಗೂ ಅರಮನೆಯ ಮುಂದೆ ಕಪ್ಪು ಸಾಲು ಕರಗಲಿಲ್ಲ. ರಾಣಿ ಸಿರಿಕಿತ್ 2025ರ ಅಕ್ಟೋಬರ್ 24ರಂದು ತೀರಿಕೊಂಡಾಗ ಮತ್ತೆ ಅದೇ ಕಪ್ಪು ಹೊರಬಂತು.

ಅಂಥ ಸಾಲಿನ ಪಕ್ಕದಲ್ಲಿ ಹೂವಿನ ಚಿತ್ತಾರದ ಅಂಗಿ ತೊಟ್ಟು ಸೆಲ್ಫಿ ಹಿಡಿಯುವವನಿಗೆ ಯಾರೂ ಹೊಡೆಯುವುದಿಲ್ಲ. ಥಾಯ್ ಜನ ಸೌಮ್ಯರು, ನಕ್ಕು ಸುಮ್ಮನಾಗುತ್ತಾರೆ. ನನ್ನ ಮಾತು ಮುಟ್ಟಬೇಕಾದದ್ದು ಇಲ್ಲಿಗೇ. ಬಣ್ಣದ ಬಗ್ಗೆ ಪ್ರವಾಸಿಗೆ ಕೊಡುವ ಬುದ್ಧಿವಾದವೆಲ್ಲ ಅವನ ಮೈ ಉಳಿಸುವುದಕ್ಕೆ: ಗಲಾಟೆಗೆ ಸಿಕ್ಕಿಕೊಳ್ಳಬೇಡ, ಪೊಲೀಸರ ಕಣ್ಣಿಗೆ ಬೀಳಬೇಡ. ಅದು ಸರಿಯೇ, ಆದರೆ ಸಾಲದು. ಏಕೆಂದರೆ ಬಹಳ ಸಲ ಪ್ರವಾಸಿಗೆ ಏನೂ ಆಗುವುದಿಲ್ಲ. ಬೆಲೆ ತೆರುವವರು ಆ ಊರಿನವರು.

2020ರ ಅಕ್ಟೋಬರ್‌ನಲ್ಲಿ ಬ್ಯಾಂಕಾಕಿನ ಸೀಲಂ ರಸ್ತೆಯಲ್ಲಿ, ಅಂದರೆ ಭಾರತದ ಯಾತ್ರಿಕರು ಹುಡುಕಿಕೊಂಡು ಹೋಗುವ ಮಾರಿಯಮ್ಮನ ಗುಡಿ ಇರುವ ರಸ್ತೆಯಲ್ಲಿ, ಯುವಜನರು ಪ್ರತಿಭಟನೆಯಾಗಿ ಒಂದು ಅಣಕು ಫ್ಯಾಷನ್ ಷೋ ನಡೆಸಿದರು. ಒಬ್ಬ ಯುವತಿ ಗುಲಾಬಿ ಬಣ್ಣದ ಸಾಂಪ್ರದಾಯಿಕ ರೇಷ್ಮೆ ಉಡುಪು ತೊಟ್ಟು ನಡೆದಳು. ರಾಣಿಯನ್ನು ಅಣಕಿಸಿದಳೆಂದು ರಾಜನಿಂದನೆಯ ಕಾನೂನಿನಡಿ ಕೇಸಾಯಿತು. ನಾನು ತೊಟ್ಟದ್ದು ನಮ್ಮ ಸಂಪ್ರದಾಯದ ಉಡುಪು ಅಷ್ಟೇ ಎಂದು ಆಕೆ ವಾದಿಸಿದಳು. 2022ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಸೆರೆವಾಸದ ತೀರ್ಪು ಬಂತು. ಆ ಕಾನೂನಿನ 112ನೇ ಕಲಮಿನಲ್ಲಿ ಒಂದೊಂದು ಅಪರಾಧಕ್ಕೆ 3ರಿಂದ 15 ವರ್ಷದವರೆಗೆ ಶಿಕ್ಷೆ ಇದೆ. ಅದೇ ಬಣ್ಣದ ಅದೇ ಬಗೆಯ ರೇಷ್ಮೆಯನ್ನು ಬಾಡಿಗೆಗೆ ತಂದು, ವಾಟ್ ಅರುಣ್ ದೇಗುಲದ ಮುಂದೆ ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರು ಇವತ್ತೂ ಸಾಲುಗಟ್ಟಿ ನಿಂತಿರುತ್ತಾರೆ. ಅವರು ತೊಡಬಾರದೆಂದಲ್ಲ. ಬಾಡಿಗೆ ಕೊಡುವವರ ಹೊಟ್ಟೆಪಾಡು ಅದು, ತೊಟ್ಟವರನ್ನು ಕಂಡು ಅವರಿಗೆ ಸಂತೋಷವೂ ಇದೆ. ಆದರೆ ನಮಗೆ ಬರೀ ಬಟ್ಟೆಯಾದದ್ದು ಅಲ್ಲೇ ಹುಟ್ಟಿದ ಒಬ್ಬಳಿಗೆ ಜೈಲಾಯಿತು ಎಂಬ ತಿಳಿವು ನಮ್ಮ ನಡೆಯನ್ನು ಕೊಂಚ ಬದಲಿಸಬೇಕು. ಪ್ರತಿಭಟನೆಯ ಜಾಗದಲ್ಲಿ ಮಾರುವ ಘೋಷಣೆಯ ಟೀಶರ್ಟು ಅಗ್ಗವೆಂದು ಕೊಂಡು ತಂದು, ಅದನ್ನು ತೊಟ್ಟು ಅದೇ ಊರಿನಲ್ಲಿ ಅಡ್ಡಾಡುವ ಮೊದಲು ಎರಡು ಸಲ ಯೋಚಿಸುವಂತೆ ಮಾಡಬೇಕು. ಓದಲು ಬಾರದ ಲಿಪಿಯ ಅಂಗಿಯನ್ನು ತೊಡುವುದು, ಓದದ ಕಾಗದಕ್ಕೆ ಸಹಿ ಹಾಕಿದ ಹಾಗೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡರಲ್ಲೂ ಹುರುಳಿದೆ.

ಮೊದಲನೆಯದು: ಬಟ್ಟೆ ನನ್ನ ಸ್ವಾತಂತ್ರ್ಯ, ನನ್ನ ಅಂಗಿಗೆ ಅರ್ಥ ಕೊಡಲು ಇವರ್ಯಾರು? ಕಪ್ಪು ತೊಡದವರನ್ನು ಹೀಯಾಳಿಸುವ ಗುಂಪಿಗೆ ತಲೆಬಾಗಿದರೆ ಆ ಗುಂಪಿಗೆ ಬಲ ಕೊಟ್ಟಂತಲ್ಲವೇ? ಆ ದೇಶದ ಪ್ರಜೆ ಈ ಪ್ರಶ್ನೆ ಕೇಳಿದರೆ ನಾನು ಅವನ ಪರ. ಅವನು ಕೇಳಿದ್ದಕ್ಕೆ ಬೆಲೆ ತೆರಬೇಕಾಗುತ್ತದೆ, ಆದರೂ ಕೇಳುತ್ತಾನೆ, ಅದಕ್ಕೊಂದು ತೂಕವಿದೆ. ಐದು ದಿನಕ್ಕೆ ಹೋದ ನಾನು ಅದೇ ಮಾತನ್ನು ಹೇಳಿದರೆ ತೂಕವಿಲ್ಲ, ಏಕೆಂದರೆ ಆರನೆಯ ದಿನ ನಾನು ಅಲ್ಲಿರುವುದಿಲ್ಲ. ನಿಜವಾಗಿ ಒಂದು ಪಕ್ಷ ವಹಿಸಬೇಕೆಂದಿದ್ದರೆ ವಹಿಸಿ, ತಿಳಿದು ವಹಿಸಿ. ಅರಿಯದೆ ವಹಿಸಿದ ಪಕ್ಷಕ್ಕೆ ಸ್ವಾತಂತ್ರ್ಯದ ಹೆಸರು ಕೊಡುವುದು ಬೇಡ.

ಎರಡನೆಯದು: ಹೀಗೆ ಲೆಕ್ಕ ಹಾಕುತ್ತ ಹೋದರೆ ಎಲ್ಲ ಬಣ್ಣವೂ ಯಾರದ್ದೋ ಒಬ್ಬರದು, ಬೂದು ಬಣ್ಣವೊಂದೇ ಗತಿಯೇ? ಹಾಗೇನಿಲ್ಲ. ವರ್ಷದ ಹೆಚ್ಚಿನ ದಿನಗಳಲ್ಲಿ, ಹೆಚ್ಚಿನ ಊರುಗಳಲ್ಲಿ, ಹಳದಿ ಅಂಗಿ ಬರೀ ಹಳದಿ ಅಂಗಿಯೇ. ಹೆದರಬೇಕಾದ್ದೇನೂ ಇಲ್ಲ. ಆದರೆ ಕೆಲವು ದಿನ ಬರುತ್ತವೆ. 2019ರ ಜುಲೈ 21ರ ರಾತ್ರಿ ಹಾಂಗ್‌ಕಾಂಗ್‌ನ ಯುಎನ್ ಲಾಂಗ್ ರೈಲು ನಿಲ್ದಾಣದಲ್ಲಿ ಬಿಳಿ ಅಂಗಿಯವರ ಗುಂಪೊಂದು ದೊಣ್ಣೆ ಹಿಡಿದು ನುಗ್ಗಿತು. ಗುರಿ ಕಪ್ಪು ತೊಟ್ಟ ಪ್ರತಿಭಟನಕಾರರು. ಪೆಟ್ಟು ಬಿದ್ದದ್ದು ಮನೆಗೆ ಹೊರಟ ಪ್ರಯಾಣಿಕರಿಗೂ, ವರದಿ ಮಾಡಲು ಬಂದ ಪತ್ರಕರ್ತರಿಗೂ. 45 ಜನ ಗಾಯಗೊಂಡರು. ಆ ರಾತ್ರಿ ಆ ಪ್ಲಾಟ್‌ಫಾರ್ಮಿನಲ್ಲಿ ಅಂಗಿಯ ಬಣ್ಣವೇ ಗುರುತಿನ ಚೀಟಿ. ಅಂಥ ದಿನಗಳು ಸಿಡಿಲಿನಂತೆ ಬರುವುದು ಅಪರೂಪ. ಮೋಡ ಕವಿಯುವುದು ಸ್ಥಳೀಯ ಸುದ್ದಿ ನೋಡುವವರಿಗೆ ಮೊದಲೇ ಕಾಣುತ್ತದೆ.

ಆದ್ದರಿಂದ ಬಣ್ಣಗಳ ಪಟ್ಟಿಯ ಬದಲಿಗೆ ನಾನು ಮೂರು ಅಭ್ಯಾಸಗಳನ್ನು ಹೇಳುತ್ತೇನೆ. ಟಿಕೆಟ್ ಮಾಡಿಸುವಾಗ ಹೋಟೆಲಿನ ದರದ ಜೊತೆಗೆ ಆ ವಾರದ ತಾರೀಖುಗಳನ್ನೂ ನೋಡಿ: ಚುನಾವಣೆ ಇದೆಯೇ, ಯಾವುದಾದರೂ ಹತ್ಯೆಯ ಅಥವಾ ಕ್ರಾಂತಿಯ ವಾರ್ಷಿಕ ದಿನವಿದೆಯೇ, ರಾಜಮನೆತನದ ಸೂತಕವಿದೆಯೇ. ಊರು ತಲುಪಿದ ಮೊದಲ ಬೆಳಿಗ್ಗೆ ದೇವಸ್ಥಾನ, ಅರಮನೆಗಳಿಗಿಂತ ಮುಂಚೆ ಸಂತೆಗೋ ಬಸ್ ನಿಲ್ದಾಣಕ್ಕೋ ಹೋಗಿ ಜನ ಏನು ತೊಟ್ಟಿದ್ದಾರೆಂದು ಕಣ್ಣಾಡಿಸಿ. ಎಲ್ಲರೂ ಒಂದೇ ಬಣ್ಣದಲ್ಲಿದ್ದರೆ ಅಥವಾ ಒಂದು ಬಣ್ಣ ಪೂರ್ತಿ ಮಾಯವಾಗಿದ್ದರೆ, ಹೋಟೆಲಿನ ಹುಡುಗನನ್ನು ಕೇಳಿ. ಹೀಗೆ ಕೇಳಿದ ಅತಿಥಿಯನ್ನು ಯಾರೂ ದಡ್ಡನೆಂದು ತಿಳಿಯುವುದಿಲ್ಲ. ಬಹಳ ಸಲ ಆ ಪ್ರವಾಸದ ಅತ್ಯುತ್ತಮ ಮಾತುಕತೆ ಅಲ್ಲಿಂದಲೇ ಶುರುವಾಗುತ್ತದೆ. ಮೂರನೆಯದು, ರೂಢಿ ಬೇರೆ ಕಾನೂನು ಬೇರೆ ಎಂದು ತಿಳಿದಿರಿ. ಕ್ರಿಕೆಟ್ ನೋಡಲು ವೆಸ್ಟ್ ಇಂಡೀಸಿಗೆ ಹೋಗುವವರು ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್‌ಗಳಲ್ಲಿ ಸೈನಿಕರ ಹಸಿರು ಕಂದು ಚುಕ್ಕೆಯ ಬಟ್ಟೆಯನ್ನು ನಾಗರಿಕರು ತೊಡುವುದೇ ಅಪರಾಧ ಎಂಬುದನ್ನು ಹೊರಡುವ ಮುಂಚೆಯೇ ತಿಳಿದುಕೊಳ್ಳಬೇಕು. ಅಲ್ಲಿ ಮಕ್ಕಳ ಚಡ್ಡಿಗೂ ರಿಯಾಯಿತಿ ಇಲ್ಲ.

ಕೊನೆಗೆ ಒಂದು ಮಾತು, ಇದು ನಮಗೇ ಸಂಬಂಧಿಸಿದ್ದು. ಪರದೇಶದಲ್ಲಿ ನಾವು ತಿಳಿಯದೆ ತಪ್ಪು ಬಣ್ಣ ತೊಟ್ಟಾಗ ಅಲ್ಲಿಯವರು ಮನ್ನಿಸಲಿ ಎಂದು ಬಯಸುತ್ತೇವೆ. ಬಹುತೇಕ ಎಲ್ಲ ಕಡೆ ಮನ್ನಿಸುತ್ತಾರೆ ಕೂಡ. ಆ ಉದಾರತೆ ನಮ್ಮ ಊರುಗಳಲ್ಲಿ ಎಷ್ಟಿದೆ? ನವೆಂಬರ್ 1ರಂದು ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಕಪ್ಪು ಅಂಗಿಯಲ್ಲಿ ಇಳಿದ ಒಬ್ಬ ಮಣಿಪುರದ ವಿದ್ಯಾರ್ಥಿಯನ್ನೋ, ಹೊರನಾಡಿನಿಂದ ವರ್ಷಕ್ಕೊಮ್ಮೆ ಬರುವ ನಿಮ್ಮದೇ ಮನೆಯ ಹುಡುಗನನ್ನೋ ನೆನೆಸಿಕೊಳ್ಳಿ. ಅವನ ಅಂಗಿಯನ್ನು ಓದುವ ಮೊದಲು ಅವನ ಮುಖವನ್ನು ನೋಡುವ ತಾಳ್ಮೆ ನಮ್ಮಲ್ಲಿದ್ದರೆ ಮಾತ್ರ, ಬ್ಯಾಂಕಾಕಿನ ಟ್ಯಾಕ್ಸಿ ಚಾಲಕನಿಂದ ಅದೇ ತಾಳ್ಮೆಯನ್ನು ಕೇಳುವ ಹಕ್ಕು ನಮಗಿರುತ್ತದೆ. ಹೋಗುವವನು ತಿಳಿದುಕೊಂಡು ಹೋಗಬೇಕು, ಮನೆಯವನು ತಿಳಿಯದವನನ್ನು ಮನ್ನಿಸಬೇಕು. ವರ್ಷದಲ್ಲಿ ಐದು ದಿನ ನಾವು ಹೋಗುವವರು. ಉಳಿದ ಮುನ್ನೂರ ಅರವತ್ತು ದಿನ ಮನೆಯವರು.